ಬೆಲ್ಟ್ ಸಡಿಲವಾಗಿದೆ

ಗಂಟಲೊಳಗಿನ ಪೈಪನ್ನು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗೆ ನಿಮಿಷದ ಲೆಕ್ಕದಲ್ಲಿ ಉತ್ತರ ಸಿಕ್ಕಿಬಿಟ್ಟರೆ ಏನಾಗುತ್ತದೆ? ಜನ ಪೇಡೆ ಹಂಚುತ್ತಾರೆ. ಹುಬ್ಬಳ್ಳಿಯ ನಮ್ಮ ಹೃದಯದ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ನಾನು ನೋಡುತ್ತಿರುವುದು ಇದನ್ನೇ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ, ಅದು ಗೊತ್ತಾದರೆ ಉಳಿದದ್ದು ಸಲೀಸು. ಹೃದಯದ ಆಪರೇಷನ್ ಆದವರಿಗೆ ಪೂರ್ತಿ ಎಚ್ಚರವಾಗುವವರೆಗೆ ಉಸಿರನ್ನು ವೆಂಟಿಲೇಟರ್ ಕೊಡುತ್ತದೆ. ಅದಕ್ಕಾಗಿ ಬಾಯಿಂದ ಶ್ವಾಸನಾಳದವರೆಗೆ ಒಂದು ಪೈಪು ಇಳಿದಿರುತ್ತದೆ. ಬೇಗ ತೆಗೆದರೆ ಉಸಿರು ಸಾಲದೆ ಮತ್ತೆ ತೂರಿಸಬೇಕಾಗುತ್ತದೆ, ಹೊಸದಾಗಿ ಹೊಲಿದ ಹೃದಯ ಆ ಗಡಿಬಿಡಿಯನ್ನು ತಡೆಯಲಿಕ್ಕಿಲ್ಲ. ತಡವಾಗಿ ತೆಗೆದರೆ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ, ಉಸಿರಾಡುವ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಇವೆರಡರ ನಡುವೆ ಎಲ್ಲೋ ಒಂದು ಸರಿಯಾದ ಹೊತ್ತಿದೆ. ಹಿಂದೆ ಡಾಕ್ಟರುಗಳು ರೋಗಿಯ ಮುಖ ನೋಡಿ, ರಕ್ತದ ರಿಪೋರ್ಟು ನೋಡಿ, ಅರ್ಧ ಗಂಟೆ ಸ್ವಂತವಾಗಿ ಉಸಿರಾಡಲು ಬಿಟ್ಟು ನೋಡಿ ಅದನ್ನು ಅಂದಾಜು ಮಾಡುತ್ತಿದ್ದರು.

ನಮ್ಮ 'ಶ್ವಾಸಸೂಚಿ'ಗೆ ಅಂದಾಜು ಬೇಕಿಲ್ಲ. ಪೈಪಿನೊಳಗೆ ಒಂದು ಸೆನ್ಸರ್, ಹೊಟ್ಟೆಯ ಮೇಲೆ ಒಂದು ಬೆಲ್ಟ್. ಎಂಬತ್ತು ಸಾವಿರ ರೋಗಿಗಳ ಉಸಿರಿನ ದಾಖಲೆ ಅದರ ಹತ್ತಿರ ಇದೆ. ಅದರ ಜೊತೆಗೆ, ಆಪರೇಷನ್ನಿಗೆ ಮೊದಲು ಮೂರು ದಿನ ರೋಗಿ ಮನೆಯಲ್ಲಿ ಬೆಲ್ಟ್ ಕಟ್ಟಿಕೊಂಡು ಓಡಾಡಬೇಕು. ಆ ಮನುಷ್ಯನ ಸಹಜ ಉಸಿರು ಹೇಗಿರುತ್ತದೆ ಎಂದು ಯಂತ್ರ ಕಲಿಯುವುದು ಆಗಲೇ. ಎಲ್ಲವನ್ನೂ ಹೋಲಿಸಿ ನೋಡಿ, ನಾಲ್ಕೈದು ಗಂಟೆ ಮುಂಚೆಯೇ ಅದು ಹೇಳಿಬಿಡುತ್ತದೆ: ಬೆಳಿಗ್ಗೆ 6:42. ಅಷ್ಟೇ. 6:42ಕ್ಕೆ ಪೈಪು ತೆಗೆಯಿರಿ.

ವೇಟಿಂಗ್ ಹಾಲ್‌ನಲ್ಲಿ ಹಾಸಿಗೆ ನಂಬರಿನ ಮುಂದೆ ಈ ಹೊತ್ತು ಬೋರ್ಡಿನ ಮೇಲೆ ಬೀಳುತ್ತದೆ. ಜನ ಅದಕ್ಕೆ 'ನಿಮಿಷ' ಎನ್ನುತ್ತಾರೆ. "ನಿಮ್ಮವರ ನಿಮಿಷ ಬಂತೇನ್ರಿ?" ಎನ್ನುವುದು ಅಲ್ಲಿ ನಮಸ್ಕಾರ ಇದ್ದ ಹಾಗೆ. ನಿಮಿಷ ಬಂದವರು ಹಾಲ್‌ಗೆಲ್ಲ ಪೇಡೆ ಹಂಚುತ್ತಾರೆ. ಒಮ್ಮೆ ನರಗುಂದದ ಕಡೆಯವರೊಬ್ಬರು, ಆ ನಿಮಿಷ ರಾಹುಕಾಲದಲ್ಲಿ ಬಿದ್ದಿದೆ, ಇಪ್ಪತ್ತು ನಿಮಿಷ ಮುಂದೆ ಹಾಕಿ ಎಂದು ಕೇಳಿಕೊಂಡು ಬಂದಿದ್ದರು. "ಮಷೀನು ರಾಹುಕಾಲ ನೋಡಿಕೊಂಡೇ ಹೇಳೈತಿ, ಹೋಗಿ ಚಹಾ ಕುಡೀರಿ" ಎಂದು ಡಾಕ್ಟರ್ ನದಾಫ್ ಸಮಾಧಾನ ಮಾಡಿ ಕಳಿಸಿದರು.

ನಾನು ಸುಹಾಸಿನಿ ಬೆಳವಟಗಿ. ಯಂತ್ರ ಮಾಡುವ ಕಂಪನಿ ಈ ಆಸ್ಪತ್ರೆಗೆ ಕೊಟ್ಟ ಎಂಜಿನಿಯರ್ ಎಂದರೆ ನಾನೊಬ್ಬಳೇ. ಮೂರನೇ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕೂತು ಹನ್ನೆರಡು ಹಾಸಿಗೆಗಳ ಉಸಿರು ನೋಡುವುದು ನನ್ನ ಕೆಲಸ. ಒಂದು ನಿಯಮವನ್ನೂ ಹೇಳಬೇಕು. ಯಂತ್ರ ನಿಮಿಷ ಕೊಡದೆ ಪೈಪು ತೆಗೆಯುವುದಾದರೆ ವಿವರಣೆಯ ಫಾರ್ಮ್ ತುಂಬಬೇಕು, ಅದಕ್ಕೆ ಒಬ್ಬ ಡಾಕ್ಟರು ಮತ್ತು ಯಂತ್ರದ ಎಂಜಿನಿಯರು ಸಹಿ ಹಾಕಬೇಕು. ನಾಲ್ಕು ವರ್ಷದಲ್ಲಿ ನಮ್ಮಲ್ಲಿ ಅಂಥ ಫಾರ್ಮ್ ಒಂದೂ ಖರ್ಚಾಗಿರಲಿಲ್ಲ.

ಏಳನೇ ಹಾಸಿಗೆಯಲ್ಲಿ ಕಾಳಪ್ಪ ಪತ್ತಾರ ಇದ್ದರು. ಅರವತ್ತೊಂದು ವರ್ಷ. ಸೋಮವಾರ ಹೃದಯದ ಒಂದು ಕವಾಟ ಬದಲಿಸಿದ್ದರು. ಮಂಗಳವಾರ ಬೆಳಿಗ್ಗೆ 6:10 ಎಂದು ನಿಮಿಷ ಬಂತು. ಅವರ ಹೆಂಡತಿ ನೀಲವ್ವ ಒಂದು ಕಿಲೋ ಪೇಡೆ ತರಿಸಿಟ್ಟುಕೊಂಡರು. ಐದೂವರೆಗೆ ಬೋರ್ಡು ಬದಲಾಯಿತು: 11:40. ಆಮೇಲೆ ಸಂಜೆ 4:15. ಆಮೇಲೆ ಬುಧವಾರ. ಹೀಗೇ ಜಾರುತ್ತ ಜಾರುತ್ತ ಭಾನುವಾರ ಬಂತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಐಸಿಯುಗೆ ಇಳಿದಾಗ ಡಾಕ್ಟರ್ ಇಮ್ತಿಯಾಜ್ ನದಾಫ್ ಏಳನೇ ಹಾಸಿಗೆಯ ಕಾಲಬುಡದಲ್ಲಿ ನಿಂತಿದ್ದರು. ಐಸಿಯು ಮುಖ್ಯಸ್ಥರು. ಯಂತ್ರ ಬರುವ ಮುಂಚೆ ಇಪ್ಪತ್ತೆರಡು ವರ್ಷ ಕೈಯಂದಾಜಿನಿಂದಲೇ ಪೈಪು ತೆಗೆದವರು.

"ರಕ್ತ ಚಲೋ ಐತಿ, ಎಕ್ಸ್‌ರೇ ಚಲೋ ಐತಿ, ಹೊಸಾ ವಾಲ್ವು ಚಲೋ ಕೆಲಸಾ ಮಾಡಾಕತ್ತೈತಿ," ಎಂದರು. "ನಿನ್ನ ಮಷೀನೊಂದು ಒಲ್ಲೆ ಅಂತೈತಿ."

"ನಂದಲ್ರಿ ಸರ್, ಕಂಪನೀದು."

"ನಿಮಿಷ ಕೊಟ್ಟಾಗ ನಿಂದು, ಕೊಡದಿದ್ದಾಗ ಕಂಪನೀದು. ಹೌದಿಲ್ಲೊ?"

ಸಮಸ್ಯೆ ಹೀಗಿತ್ತು. ಮಂಪರಿನ ಔಷಧಿ ಕಡಿಮೆ ಮಾಡಿದ ಕೂಡಲೆ ಕಾಳಪ್ಪನವರ ಉಸಿರು ವಿಚಿತ್ರವಾಗುತ್ತಿತ್ತು. ಚಕ್ಕೆಂದು ಒಂದು ಸಣ್ಣ ಎಳೆತ, ಆಮೇಲೆ ಮುಗಿಯದ ಹಾಗೆ ಉದ್ದನೆಯ ಹೊರ ಉಸಿರು. ಮತ್ತೆ ಎಳೆತ, ಮತ್ತೆ ಉದ್ದ. ಯಂತ್ರಕ್ಕೆ ಅದು ಶ್ವಾಸನಾಳ ಬಿಗಿದುಕೊಂಡ ರೋಗಿಯ, ಗಾಳಿಗೆ ಹಸಿದ ಉಸಿರಿನ ಹಾಗೆ ಕಾಣುತ್ತಿತ್ತು. 'ಸಿದ್ಧವಿಲ್ಲ' ಎಂದು ಕೆಂಪಾಗುತ್ತಿತ್ತು. ಅದರ ಜೊತೆ ಕೈಗಳೂ ಅಲುಗುತ್ತಿದ್ದವು, ಬಲಗೈ ಬೆರಳು ಏನನ್ನೋ ಚಿವುಟಿ ಹಿಡಿದ ಹಾಗೆ, ಎಡಗೈ ಏನನ್ನೋ ಮೆಲ್ಲಗೆ ತಿರುಗಿಸಿದ ಹಾಗೆ. ಪೈಪು ಕಿತ್ತುಕೊಂಡಾರು ಎಂದು ನರ್ಸುಗಳು ಮೆತ್ತನೆ ಬಟ್ಟೆಯಿಂದ ಕೈ ಕಟ್ಟಿದ್ದರು. 'ಗೊಂದಲ' ಎಂದು ಚಾರ್ಟಿನಲ್ಲಿ ಬರೆದಿದ್ದರು. ಮತ್ತೆ ಮಂಪರು ಕೊಡುತ್ತಿದ್ದರು. ಮಂಪರು ಕೊಟ್ಟಷ್ಟೂ ನಿಮಿಷ ಮುಂದಕ್ಕೆ ಹೋಗುತ್ತಿತ್ತು.

ನೀಲವ್ವನವರನ್ನು ಒಳಗೆ ಕರೆದು ಡಾಕ್ಟರು ವಿಷಯ ಹೇಳಿದರು. ಹೀಗೇ ಪೈಪು ಬಾಯಿಯಲ್ಲಿ ಬಿಡಲು ಬರುವುದಿಲ್ಲ, ನಾಳೆ ಹತ್ತು ಗಂಟೆಗೆ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ಅಲ್ಲಿಂದ ಉಸಿರು ಕೊಡುತ್ತೇವೆ, ಕೆಲವು ವಾರ ಬೇಕಾಗಬಹುದು, ತಿಂಗಳುಗಳೂ ಆಗಬಹುದು.

ನೀಲವ್ವ ಸೆರಗು ಹೊದ್ದುಕೊಂಡು ಕೇಳಿಸಿಕೊಂಡರು. "ಆಮ್ಯಾಲ ಕೆಲಸಕ್ಕ ಕೂಡ್ತಾರೇನ್ರಿ ಸಾಹೇಬ್ರ?"

ಡಾಕ್ಟರು ಚಾರ್ಟ್ ನೋಡಿದರು. ಉದ್ಯೋಗ: ಆಭರಣ ವ್ಯಾಪಾರಿ. "ಅಂಗಡ್ಯಾಗ ಕೂಡಾಕ ಏನೂ ಅಡ್ಡಿ ಇಲ್ರಿ."

ನೀಲವ್ವ ಏನೋ ಹೇಳಲು ಬಾಯಿ ತೆರೆದವರು, ಡಾಕ್ಟರ ಮುಖ ನೋಡಿ ಹೂಂ ಎಂದು ತಲೆಯಾಡಿಸಿದರು. ದೊಡ್ಡವರು, ಅವರಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಆ ಕ್ಷಣದಲ್ಲಿ ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಾನೂ ಅಲ್ಲೇ ನಿಂತಿದ್ದೆ, ನಾನೂ ಕೇಳಲಿಲ್ಲ.

ಮೇಲೆ ಬಂದು ಕಾಳಪ್ಪನವರ ಮನೆಯ ದಾಖಲೆ ತೆಗೆದೆ. ಅದನ್ನು ಮೊದಲೇ ತೆಗೆಯಬೇಕಿತ್ತು. ಆದರೆ ಯಂತ್ರ ಒಮ್ಮೆ 'ಸರಿ ಇದೆ' ಎಂದು ಹಸಿರು ಗುರುತು ಹಾಕಿದ ಫೈಲನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಮೂರು ದಿನಗಳ ರೇಖೆ ಪರದೆಯ ಮೇಲೆ ಹಾಸಿಕೊಂಡಿತು. ರಾತ್ರಿ ನಿದ್ದೆ, ಬೆಳಿಗ್ಗೆ ಓಡಾಟ, ಊಟ. ನಡುವೆ ದೊಡ್ಡ ದೊಡ್ಡ ಖಾಲಿ. ಒಂಬತ್ತರಿಂದ ಒಂದು, ಮೂರರಿಂದ ಆರು. ಮೂರೂ ದಿನ ಹಾಗೇ. ಖಾಲಿ ಜಾಗದ ಮೇಲೆ ಬೂದು ಅಕ್ಷರ: ಬೆಲ್ಟ್ ಸಡಿಲವಾಗಿದೆ, ದಾಖಲೆ ಅಳಿಸಲಾಗಿದೆ.

ಹಗಲೆಲ್ಲ ಬೆಲ್ಟ್ ಬಿಚ್ಚಿಟ್ಟು ಕೂತಿದ್ದಾರೆ ಎಂದುಕೊಂಡೆ. ಸಿಟ್ಟೇ ಬಂತು. ಹಾಲ್‌ಗೆ ಹೋಗಿ ನೀಲವ್ವನವರ ಪಕ್ಕ ಕೂತೆ. ಅವರ ಮಡಿಲಲ್ಲಿ ಬೇರೆಯವರು ಕೊಟ್ಟ ಪೇಡೆ ಕಾಗದದಲ್ಲಿ ಹಾಗೇ ಇತ್ತು.

"ಬ್ಯಾರೇದವರ ಪೇಡೆ ಎಷ್ಟಂತ ತಿನ್ನಲಿ ತಂಗಿ," ಎಂದರು. "ನೀ ತಗೋ."

"ಅವ್ವಾರ, ಆಪರೇಷನ್‌ಕಿಂತ ಮೊದಲ ಬೆಲ್ಟ್ ಕೊಟ್ಟಿದ್ವಲ್ಲ, ಅದನ್ನ ಹಗಲೊತ್ತು ಬಿಚ್ಚಿ ಇಡ್ತಿದ್ರೇನ್ರಿ?"

"ಯಾರು ಹೇಳಿದ್ರು ನಿನಗ?" ಅವರ ದನಿ ಗಡುಸಾಯಿತು. "ಮೂರು ದಿನ ಜಳಕಾ ಮಾಡಿಲ್ಲ ಅವರು. ಒದ್ದಿ ಅರಿಬಿಲೆ ಮೈ ಒರಸಿಕೊಂಡಾರ. ನಿಮ್ಮ ಬೆಲ್ಟಿಗೆ ನೀರು ತಾಗಬಾರದಂತ."

"ಮತ್ತ ಒಂಬತ್ತರಿಂದ ಒಂದರತನಕ ಏನ್ ಮಾಡ್ತಿದ್ರು?"

"ಏನ್ ಮಾಡ್ತಾರ? ಕೆಲಸಾ. ದಿನಾ ಹೆಂಗಿರ್ತೀರಿ ಹಂಗ ಇರ್ರಿ ಅಂತ ನಿಮ್ಮವರೇ ಹೇಳಿ ಕಳಿಸಿದ್ರು. ಕೊರಳಿನ ಟೀಕಿ ಒಂದು ಮುಗಿಸೂದಿತ್ತು, ಕೂತಿದ್ರು."

"ಅಂಗಡ್ಯಾಗ?"

"ಅಂಗಡಿ ಎಲ್ಲೀದವ್ವ?" ನೀಲವ್ವ ನನ್ನನ್ನು ವಿಚಿತ್ರವಾಗಿ ನೋಡಿದರು. "ಪತ್ತಾರರು ನಾವು. ಬಂಗಾರದ ಕೆಲಸಾ ಮಾಡೋರು. ಫಾರ್ಮ್ ಬರಕೊಳ್ಳಾಕಿ ನಮ್ಮ ಕೆಲಸದ ಹೆಸರು ಕಂಪ್ಯೂಟರಿನಾಗ ಇಲ್ಲ, ವ್ಯಾಪಾರಿ ಅಂತ ಒತ್ತೇನಿ ಅಂದ್ಲು. ಒತ್ತವ್ವ ಅಂದ್ವಿ."

ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಂಗಾರದ ಕೆಲಸಕ್ಕೂ ಉಸಿರಿಗೂ ಏನು ಸಂಬಂಧ? ಈಗ ಎಲ್ಲರ ಹತ್ತಿರವೂ ಲೇಸರ್ ಬೆಸುಗೆ ಯಂತ್ರ ಇದೆ. ಆದರೆ ನೀಲವ್ವ ಸ್ನಾನಕ್ಕೆಂದು ಮನೆಗೆ ಹೊರಟಿದ್ದರು, ಹಳೇ ಹುಬ್ಬಳ್ಳಿ ದೂರವಲ್ಲ. ಬ್ಯಾಗಿನಲ್ಲಿ ಒಂದು ಬೇರೆ ಬೆಲ್ಟ್ ಹಾಕಿಕೊಂಡು ಸ್ಕೂಟರಿನ ಮೇಲೆ ಅವರನ್ನು ಕೂರಿಸಿಕೊಂಡು ಹೋದೆ.

ಮುಂದಿನ ಕೋಣೆಯೇ ಕೆಲಸದ ಜಾಗ. ನೆಲಕ್ಕೆ ಚಾಪೆ, ಗಿಡ್ಡ ಮಣೆ, ಅದರ ಮೇಲೆ ಎಣ್ಣೆ ದೀಪ, ಇದ್ದಿಲ ಚೂರು, ಸಣ್ಣ ಚಿಮಟಿಗೆಗಳು. ತಟ್ಟೆಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಬಂಗಾರದ ಗುಂಡುಗಳು. ಗೇಣುದ್ದದ ಒಂದು ಹಿತ್ತಾಳೆ ಕೊಳವೆ, ತುದಿ ಸಣ್ಣಗಾಗಿ ಬಾಗಿದ್ದು.

"ಇದೇನ್ರಿ?"

"ಊದುಗೊಳವಿ. ಲೇಸರಿನಾಗ ಗುಂಡು ಸುಟ್ಟು ಕರ್ರಗ ಆಗ್ತಾವಂತ ಅವರು ಅದನ್ನ ಮುಟ್ಟೂದಿಲ್ಲ. ದೀಪದ ಉರಿ ಇದರಿಂದ ಊದಿ ಊದಿ ಬೆಸಗಿ ಹಾಕ್ತಾರ."

ಊದಿ ತೋರಿಸಿ ಎಂದೆ. ನೀಲವ್ವ ನಕ್ಕರು. ಮದುವೆಯಾದ ಹೊಸತರಲ್ಲಿ ಕಲಿಸಲು ನೋಡಿದ್ದರಂತೆ, ಇವರಿಗೆ ಪೂರ್ತಿ ಬರಲಿಲ್ಲವಂತೆ. ಆದರೂ ಕೂತರು. ನಾನು ಬೆಲ್ಟನ್ನು ಅವರ ಹೊಟ್ಟೆಗೆ ಬಿಗಿಯಾಗಿ ಕಟ್ಟಿ ಫೋನಿಗೆ ಜೋಡಿಸಿದೆ. ಅವರು ದೀಪ ಹಚ್ಚಿ, ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗಲ್ಲ ಉಬ್ಬಿಸಿ ಊದಿದರು. ದೀಪದ ಉರಿ ಸೂಜಿಯ ಹಾಗೆ ಅಡ್ಡಕ್ಕೆ ಮಲಗಿತು. ಗಲ್ಲದಲ್ಲಿ ತುಂಬಿಟ್ಟ ಗಾಳಿ ಹೊರಗೆ ಹೋಗುತ್ತಿರುವಾಗಲೇ ಮೂಗಿನಿಂದ ಚಕ್ಕೆಂದು ಒಂದು ಎಳೆತ. ಉರಿ ಅಲುಗಲಿಲ್ಲ. ಮತ್ತೆ ಉದ್ದ ಊದು. ಮತ್ತೆ ಎಳೆತ.

ನನ್ನ ಫೋನು ಗುಂಯ್ ಎಂದಿತು: ಬೆಲ್ಟ್ ಸಡಿಲವಾಗಿದೆ.

ಬೆಲ್ಟ್ ಎಳೆದು ನೋಡಿದೆ. ಒಂದು ಬೆರಳೂ ತೂರದಷ್ಟು ಬಿಗಿಯಾಗಿತ್ತು.

ಆ ವಾಕ್ಯ ಬರೆದವಳು ನಾನೇ. ಕಂಪನಿಗೆ ಸೇರಿದ ಎರಡನೇ ವಾರ ಕೊಟ್ಟ ಮೊದಲ ಕೆಲಸ. ಮನೆಯಿಂದ ಬರುವ ದಾಖಲೆಯಲ್ಲಿ ಕಸ ಬಹಳ, ಸೋಸಲು ಏನಾದರೂ ಬರಿ ಎಂದಿದ್ದರು. ಹನ್ನೆರಡು ಸೆಕೆಂಡಿಗಿಂತ ಉದ್ದದ, ಒಂದೇ ಸಮನಾದ ಹೊರ ಉಸಿರು, ನಡುವೆ ಅರ್ಧ ಸೆಕೆಂಡಿನ ಎಳೆತ. ಮನುಷ್ಯರು ಹೀಗೆ ಉಸಿರಾಡುವುದಿಲ್ಲ, ಆದ್ದರಿಂದ ಬೆಲ್ಟ್ ಸಡಿಲವಾಗಿದೆ, ಅಳಿಸು. ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದ್ದೆ. ಭೇಷ್ ಎಂದಿದ್ದರು.

ನೀಲವ್ವ ಕೊಳವೆ ತೆಗೆದು ತುಟಿ ಒರಸಿಕೊಂಡರು. "ನಂದು ಇಪ್ಪತ್ತು ಎಣಸೂದ್ರಾಗ ಮುಗೀತೈತಿ. ಅವರದು ನೂರಾಐವತ್ತು ಎಣಿಸಿದ್ರೂ ಉರಿ ಅಳ್ಳಾಡೂದಿಲ್ಲ."

"ಊದುವಾಗ ಕೈ ಏನ್ ಮಾಡ್ತಿರ್ತಾವ್ರಿ?"

ಅವರು ಬಲಗೈಯಲ್ಲಿ ಚಿಮಟಿಗೆ ಹಿಡಿದರು, ಎಡಗೈಯಲ್ಲಿ ಗುಂಡು ಕೂರಿಸುವ ಇದ್ದಿಲ ಚೂರನ್ನು ಮೆಲ್ಲಗೆ ತಿರುಗಿಸಿದರು. ನನ್ನ ಮುಖ ನೋಡಿ ಅವರ ಕೈ ಅಲ್ಲೇ ನಿಂತಿತು. ಇಬ್ಬರೂ ಅದೇ ಕೈಗಳನ್ನು ಆರು ದಿನದಿಂದ ನೋಡಿದ್ದೆವು.

"ಅಂದ್ರ ಅವರು ಅಲ್ಲಿ ಕೆಲಸಾ ಮಾಡಾಕತ್ತಾರೇನು?" ಎಂದರು ನೀಲವ್ವ.

"ಹಂಗ ಅನಸ್ತೈತ್ರಿ. ಅರೆ ಎಚ್ಚರ, ಬಾಯಾಗ ಒಂದು ಪೈಪು. ಮೈಗೆ ಅದೊಂದು ಗೊತ್ತು."

"ಎರಡನೇ ದಿನ ಒಳಗ ಬಿಟ್ಟಾಗ ನನಗೂ ಹಂಗ ಅನಿಸಿತ್ತು ತಂಗಿ. ಅದಕ್ಕ ಮಾತಾಡ್ಸಲಿಲ್ಲ. ಊದೂವಾಗ ನಾವ್ಯಾರೂ ಮಾತಾಡ್ಸೂದಿಲ್ಲ, ಉಸಿರು ತಪ್ಪಿದ್ರ ಗುಂಡು ಕರಗಿ ಉಂಡಿ ಆಗಿ ಕೂಡ್ತಾವ. ಆಮ್ಯಾಲ ಅನಕೊಂಡೆ, ಹುಚ್ಚಿ, ದವಾಖಾನ್ಯಾಗ ಯಾರರ ಬೆಸಗಿ ಹಾಕ್ತಾರೇನು ಅಂತ."

ಅವರು ಸ್ನಾನವನ್ನೂ ಮಾಡಲಿಲ್ಲ. ಹಾಗೇ ಸ್ಕೂಟರ್ ಹತ್ತಿದರು.

ಕಂಟ್ರೋಲ್ ರೂಮಿನಲ್ಲಿ ಪ್ರೋಗ್ರಾಮಿನೊಳಗಿನ ನನ್ನ ಸೋಸುವ ಸಾಲನ್ನು ತೆಗೆದುಹಾಕಿ, ಅಳಿಸಿದ್ದ ಏಳೇಳು ಗಂಟೆಗಳನ್ನು ವಾಪಸ್ ತಂದು, ಲೆಕ್ಕ ಮತ್ತೆ ಮಾಡಿಸಿದೆ. ನಲವತ್ತು ನಿಮಿಷ ಹಿಡಿಯಿತು. ಹಸಿರು ನಿಮಿಷವೊಂದು ಬರುತ್ತದೆ, ಓಡಿಹೋಗಿ ಹೇಳಿದರಾಯಿತು ಎಂದು ಕಾಯುತ್ತ ಕೂತಿದ್ದೆ. ಬಂದದ್ದು ಎರಡು ಪದ: ಹೋಲಿಕೆ ಸಿಗಲಿಲ್ಲ. ಎಂಬತ್ತು ಸಾವಿರದಲ್ಲಿ ಹೀಗೆ ಉಸಿರಾಡುವವರು ಒಬ್ಬರೂ ಇರಲಿಲ್ಲ. ಇದ್ದಿದ್ದರೂ ನನ್ನ ಸಾಲು ಅವರನ್ನು ದಾಖಲೆಯಲ್ಲಿ ಉಳಿಯಗೊಡುತ್ತಿರಲಿಲ್ಲ. ಹಾಲ್‌ನ ಬೋರ್ಡಿನಲ್ಲಿ ಏಳನೇ ಹಾಸಿಗೆಯ ಮುಂದೆ ಒಂದು ಅಡ್ಡಗೆರೆ ಬಿತ್ತು. ನಾಲ್ಕು ವರ್ಷದಲ್ಲಿ ಅಂಥ ಗೆರೆಯನ್ನು ಯಾರೂ ನೋಡಿರಲಿಲ್ಲ, ಜನ ಎದ್ದು ಬಂದು ಬೋರ್ಡಿನ ಕೆಳಗೆ ನಿಂತರು.

ಡಾಕ್ಟರ್ ನದಾಫ್ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಕಣ್ಣು ಉಜ್ಜಿದರು.

"ಮಷೀನ್ ಕೈ ಎತ್ತಿತು," ಎಂದರು. "ಹಳೇ ಕಾಲಧಂಗ ನಾವೇ ನೋಡಬೇಕು ಈಗ. ನಾಲ್ಕು ವರ್ಷ ಆತು ಸುಹಾಸಿನಿ. ಕೈಗೆ ನೆನಪೈತೋ ಇಲ್ಲೋ."

"ಆ ಫಾರ್ಮಿಗೆ ನಾ ಸಹಿ ಮಾಡ್ತೇನ್ರಿ ಸರ್."

"ನೀ ಮಾಡ್ತಿ. ಆದ್ರ ಪೈಪು ಹೊರಗ ಬಂದ ಮ್ಯಾಲ ಅವನ ಎದಿ ಏನ್ ಮಾಡ್ತೈತಿ ಅಂತ ನಿನ್ನ ಸಹಿಗೆ ಗೊತ್ತಿಲ್ಲ."

ನೀಲವ್ವನವರಿಗೆ ಎರಡೂ ದಾರಿ ಹೇಳಿದರು, ಮುಚ್ಚುಮರೆ ಮಾಡಲಿಲ್ಲ. ಇವತ್ತು ತೆಗೆದು ಉಸಿರು ಸಾಲದೆ ಹೋದರೆ ಮತ್ತೆ ಹಾಕಬೇಕು, ಆರು ದಿನ ಮಲಗಿದ ಮೈ, ಆಗ ಹೃದಯ ನಿಂತರೂ ನಿಲ್ಲಬಹುದು. ತೆಗೆಯದಿದ್ದರೆ ನಾಳೆ ತೂತು. ಜೀವದ ಮಟ್ಟಿಗೆ ಅದು ಹೆಚ್ಚು ಭದ್ರ. "ಆದ್ರ ಊದೂ ಕೆಲಸಾ ಮತ್ತ ಆಗ್ತೈತಂತ ನಾ ಹೇಳಲಾರೆ. ಬೆಳಿಗ್ಗಿ ಅಂಗಡಿ ಅಂದೆ, ತಪ್ಪಾತು. ಆಗಲಿಕ್ಕಿಲ್ಲ ಅನಕೊಂಡೇ ಯೋಚನಿ ಮಾಡ್ರಿ."

ನೀಲವ್ವ ತಲೆ ತಗ್ಗಿಸಿ ಸೆರಗಿನ ಅಂಚು ಮಡಚುತ್ತ ಹೇಳಿದರು.

"ಹೆಂಗರ ಆಗಲಿ ಜೀವ ಇದ್ರ ಸಾಕು ಅಂತ ನಾ ಅನ್ನಬೇಕು. ಅಂದ್ರ, ಎದ್ದ ಮ್ಯಾಲ ಅವರು ನನ್ನ ಕೂಡ ಮಾತು ಬಿಡ್ತಾರ. ತೆಗೀರಿ ಅಂದು ಏನರ ಆದ್ರ, ನಾ ನನ್ನ ಕೂಡನ ಮಾತು ಬಿಡಬೇಕಾಗ್ತೈತಿ." ತಲೆ ಎತ್ತಿದರು. "ನನ್ನ ಯಾಕ ಕೇಳ್ತೀರಿ? ಮನಿಷ್ಯಾ ಅಲ್ಲೇ ಅದಾರಲ್ಲ. ಅವರನ್ನ ಕೇಳ್ರಿ."

ಡಾಕ್ಟರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಆರು ದಿನದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.

ಎರಡೂವರೆಗೆ ಮಂಪರು ನಿಲ್ಲಿಸಿದರು. ಕೈಕಟ್ಟು ಬಿಚ್ಚಿದರು. ನೀಲವ್ವ ಸ್ಟೂಲಿನ ಮೇಲೆ ಕೂತರು. ಮೂರು ಐವತ್ತಕ್ಕೆ ಅದು ಶುರುವಾಯಿತು. ಚಕ್ಕೆಂದು ಎಳೆತ, ಉದ್ದ ಊದು. ಬೆರಳುಗಳು ಚಿವುಟಿಕೊಂಡವು. ಯಂತ್ರ ಕೆಂಪಾಗಿ ಕೂಗತೊಡಗಿತು, ನರ್ಸು ಅಭ್ಯಾಸಬಲದಿಂದ ಸಿರಿಂಜಿಗೆ ಕೈ ಹಾಕಿದಳು. ಡಾಕ್ಟರು ಅವಳ ಕೈ ತಡೆದು, ಕೂಗನ್ನು ಬಂದ್ ಮಾಡಿದರು.

"ಮಾತಾಡ್ಸ್ರಿ," ಎಂದೆ ನೀಲವ್ವನವರಿಗೆ.

"ತಡೀ. ನಡುವ ಮಾತಾಡ್ಸಬಾರದು."

ಕಾದೆವು. ಎಡಗೈ ತಿರುಗಿಸಿ ತಿರುಗಿಸಿ ಒಮ್ಮೆ ನಿಂತಿತು. ಉಸಿರು ಕೂಡ ಒಂದು ಗಳಿಗೆ ನಿಂತು, ಸಡಿಲವಾಯಿತು. ನೀಲವ್ವ ಬಾಗಿ, ಊಟಕ್ಕೆ ಕರೆಯುವ ದನಿಯಲ್ಲಿ ಕೇಳಿದರು: "ಆತೇನ್ರಿ?"

ಕಾಳಪ್ಪನವರು ಕಣ್ಣು ಮುಚ್ಚಿಕೊಂಡೇ ಇಲ್ಲ ಎಂದು ತಲೆಯಾಡಿಸಿದರು.

ಡಾಕ್ಟರ್ ನದಾಫ್ ಮಂಚದ ಕಂಬಿ ಹಿಡಿದುಕೊಂಡು ಮುಂದೆ ಬಾಗಿದರು.

"ಇನ್ನ ಎಷ್ಟು ಉಳದಾವ?"

ಬಲಗೈ ನಿಧಾನಕ್ಕೆ ಮೇಲೆ ಬಂತು. ಮೂರು ಬೆರಳು.

"ಮೂರು ಗುಂಡು ಉಳದಾವಂತ," ಎಂದರು ನೀಲವ್ವ ನಮ್ಮ ಕಡೆ ತಿರುಗಿ, ತಡವಾಗುತ್ತದೆ, ಏನೂ ಅಂದುಕೊಳ್ಳಬೇಡಿ ಎನ್ನುವ ಹಾಗೆ.

"ಲೆಕ್ಕಾ ಬರ್ತೈತಿ ಅಂದ ಮ್ಯಾಲ ಬುದ್ಧಿ ನೆಟ್ಟಗೈತಿ," ಎಂದು ಡಾಕ್ಟರು ಮೆಲ್ಲಗೆ ಹೇಳಿದರು. "ಮುಗಿಸಲಿ ಬಿಡ್ರಿ."

ಮುಗಿಸಿದರು. ಮೂರು ಸಲ ಉದ್ದ ಊದು, ನಡುವೆ ವಿರಾಮ. ಯಂತ್ರ ಸದ್ದಿಲ್ಲದೆ ಕೆಂಪಾಗಿ ಮಿನುಗುತ್ತಲೇ ಇತ್ತು. ಮೂರನೆಯದು ಆದ ಮೇಲೆ ಬೆರಳು ಬಿಡಿಸಿ, ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡರು. ಪರದೆಯ ಮೇಲಿನ ರೇಖೆ ಸಣ್ಣ ಸಣ್ಣ ಅಲೆಯಾಯಿತು. ಎಲ್ಲರೂ ಉಸಿರಾಡುವ ಉಸಿರು.

ನೀಲವ್ವ ಆಗ ಹೇಳಿದರು, ಇದು ಮನೆಯಲ್ಲ, ದವಾಖಾನೆ, ಆಪರೇಷನ್ ಆಗಿದೆ, ಬಾಯಲ್ಲಿರುವುದು ಊದುಗೊಳವೆ ಅಲ್ಲ ಎಂದು. ಕಾಳಪ್ಪನವರು ಕಣ್ಣು ತೆರೆದು ಮೊದಲು ಹೆಂಡತಿಯನ್ನು, ಆಮೇಲೆ ನಮ್ಮನ್ನು, ಆಮೇಲೆ ತಮ್ಮ ಖಾಲಿ ಕೈಯನ್ನು ನೋಡಿಕೊಂಡರು. ಡಾಕ್ಟರು ಎರಡು ದಾರಿಯನ್ನೂ ಅವರಿಗೇ ವಿವರಿಸಿದರು, ನಿಧಾನಕ್ಕೆ, ಎರಡು ಸಲ. ಹೃದಯ ನಿಲ್ಲಬಹುದು ಎನ್ನುವುದನ್ನೂ ಬಿಡಲಿಲ್ಲ. ಕೊನೆಗೆ, "ಇವತ್ತು ತೆಗೀಬೇಕಂದ್ರ ನನ್ನ ಕೈ ಒತ್ರಿ, ಬ್ಯಾಡಂದ್ರ ಸುಮ್ಮನಿರ್ರಿ," ಎಂದು ಕೈ ಕೊಟ್ಟರು.

ಒತ್ತಿದರು. "ಸಾಕ್ರಿ, ಬಿಡ್ರಿ," ಎಂದು ಡಾಕ್ಟರೇ ಕೈ ಬಿಡಿಸಿಕೊಂಡರು. "ಬೆರಳು ಮುರೀತಾವ."

ಆಮೇಲಿನ ಅರ್ಧ ಗಂಟೆ ಡಾಕ್ಟರ್ ನದಾಫ್ ಪರದೆಗೆ ಬೆನ್ನು ಹಾಕಿ ನಿಂತಿದ್ದರು. ಒಂದು ಕೈ ರೋಗಿಯ ಹೊಟ್ಟೆಯ ಮೇಲೆ, ಕಣ್ಣು ಕುತ್ತಿಗೆಯ ಮೇಲೆ. ಕೆಮ್ಮಿಸಿದರು. ತಲೆ ಎತ್ತಿಸಿದರು. ರಕ್ತ ಪರೀಕ್ಷೆಗೆ ಕಳಿಸಿದರು. ನಾನು ಫಾರ್ಮ್ ತುಂಬುತ್ತಿದ್ದೆ. 'ಈ ಸಮಯವನ್ನು ಯಾವ ಆಧಾರದ ಮೇಲೆ ನಿರ್ಧರಿಸಿದಿರಿ' ಎಂಬಲ್ಲಿ ಪೆನ್ನು ನಿಂತಿತು. ಡಾಕ್ಟರು ತಿರುಗಿ ನೋಡದೆಯೇ ಹೇಳಿದರು: "ರೋಗಿಯನ್ನ ಕೇಳಿದ್ವಿ, ಅಂತ ಬರಿ."

ಐದಕ್ಕೆ ಇನ್ನೂ ಸ್ವಲ್ಪ ಇತ್ತು, ಎಷ್ಟು ನಿಮಿಷ ಎಂದು ನಾನು ನೋಡಲಿಲ್ಲ. ಅಂಟುಪಟ್ಟಿ ಬಿಚ್ಚಿದರು, ಉಸಿರು ಎಳೆದುಕೊಳ್ಳಿ ಎಂದರು, ಎಳೆದರು. ಪೈಪು ಬಂತು. ಕಾಳಪ್ಪನವರು ಕೆಮ್ಮಿದರು, ಇನ್ನೂ ಕೆಮ್ಮಿದರು, ಮುಖ ನೀಲಿಗಟ್ಟುತ್ತಿದೆ ಎಂದು ನನಗೆ ಅನ್ನಿಸಿತು, ನರ್ಸು ಹೊಸ ಪೈಪು ಹಿಡಿದು ತಯಾರಾಗಿ ನಿಂತಿದ್ದಳು. ಡಾಕ್ಟರು ಆಮ್ಲಜನಕದ ಮುಖವಾಡ ಒತ್ತಿ ಹಿಡಿದು ಕೈ ಅಡ್ಡ ಮಾಡಿದರು, ತಡೆಯಿರಿ ಎಂದು. ಒಂದು ನಿಮಿಷ. ಎರಡು. ಎದೆ ಏರಿ ಇಳಿಯುವುದು ನಿಧಾನವಾಯಿತು. ಬೆರಳಿನ ಉಗುರು ಕೆಂಪಾಯಿತು.

"ನೀರು," ಎಂದರು ಕಾಳಪ್ಪ, ಗರಗಸದಂಥ ದನಿಯಲ್ಲಿ.

"ಈಗ ಇಲ್ರಿ, ಇನ್ನೊಂದೆರಡು ತಾಸು," ಎಂದು ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಪೈಪು ಹೊರಬಂದ ಮೇಲೆ ನಲವತ್ತೆಂಟು ಗಂಟೆ ದಾಟಿದರೆ ಗೆದ್ದಂತೆ. ಮಂಗಳವಾರ ಸಂಜೆ ಅದು ದಾಟಿತು. ಅವರನ್ನು ವಾರ್ಡಿಗೆ ಕಳಿಸಿದ್ದರು. ನಾನು ಹೋದಾಗ ದಿಂಬಿಗೆ ಒರಗಿ, ನೀಲವ್ವ ಕಲಸಿ ಕೊಟ್ಟ ಗಂಜಿಯನ್ನು ಬೇಸರದಿಂದ ನೋಡುತ್ತಿದ್ದರು. ನಾನು ಕಲಿತಿಟ್ಟುಕೊಂಡು ಹೋದ ಹಾಗೆ ಹೇಳಿದೆ: ನೀವು ಕೆಲಸ ಮಾಡುವಾಗಿನ ಉಸಿರನ್ನು ನಾನು ತಪ್ಪು ಎಂದು ಅಳಿಸಿ ಹಾಕಿದ್ದೆ, ಅದರಿಂದ ಐದು ದಿನ ಹೆಚ್ಚು ಅನುಭವಿಸಿದಿರಿ, ತಪ್ಪಾಯಿತು.

ಅವರು ಸಿಟ್ಟಾಗಲಿಲ್ಲ. ಕೆಲಸಗಾರರು ಇನ್ನೊಬ್ಬರ ಕೆಲಸದ ಬಗ್ಗೆ ಕೇಳುವ ಹಾಗೆ ಕೇಳಿದರು.

"ಆ ಸಾಲು ಯಾವಾಗ ಬರದಿದ್ದಿ?"

"ನಾಲ್ಕು ವರ್ಷ ಆತ್ರಿ."

"ಈಗ ತಗದಿ?"

"ತಗದೇನ್ರಿ."

"ಚಲೋ ಆತು." ದನಿ ಒಡೆಯುತ್ತಿತ್ತು, ತಡೆದು ತಡೆದು ಮಾತಾಡಿದರು. "ನಮ್ಮ ಕಡೆ ತೂಕದ ಬೊಟ್ಟು ಸವದೈತಿ ಅಂತ ಗೊತ್ತಾತಂದ್ರ, ಹೊಸಾ ಬೊಟ್ಟು ತಂದ್ರ ಮುಗೀಲಿಲ್ಲ. ಅದರಲೆ ತೂಗಿ ಕೊಟ್ಟದ್ದೆಲ್ಲಾ ತರಿಸಿ ಮತ್ತ ತೂಗಬೇಕು. ನೀ ತೂಗಿದೇನು?"

"ಇಲ್ರಿ," ಎಂದೆ.

"ಸುಮ್ಮನಿರ್ರಿ, ಹುಡಿಗಿ ಮುಖ ನೋಡ್ರಿ ಹೆಂಗಾತು," ಎಂದರು ನೀಲವ್ವ.

"ನಾ ಬೈದಿಲ್ಲಲ್ಲ. ಕೇಳಿದೆ."

ಬುಧವಾರ ಕೂತು ನಾಲ್ಕು ವರ್ಷದ ದಾಖಲೆಯನ್ನೆಲ್ಲ ಮತ್ತೆ ತೆರೆದೆ. ನಮ್ಮ ಆಸ್ಪತ್ರೆಯ ಮೂರು ಸಾವಿರದ ನೂರು ಜನರಲ್ಲಿ ಅರವತ್ತನಾಲ್ಕು ಜನರ ಬೆಲ್ಟ್ 'ಸಡಿಲ'ವಾಗಿತ್ತು. ಎಷ್ಟೋ ಜನರದು ನಿಜವಾಗಿಯೂ ಸಡಿಲ, ರೇಖೆ ನೋಡಿದರೆ ತಿಳಿಯುತ್ತದೆ. ಹತ್ತೊಂಬತ್ತು ಜನರದು ಅಲ್ಲ. ಆ ಹತ್ತೊಂಬತ್ತರಲ್ಲಿ ನಾಲ್ವರ ಗಂಟಲಿಗೆ ತೂತು ಮಾಡಿದ್ದರು. ಕಂಪನಿಗೆ ಬರೆದೆ. ಪರಿಶೀಲಿಸುತ್ತೇವೆ, ಮೂರು ತಿಂಗಳಲ್ಲಿ ಅಧಿಕೃತ ಪತ್ರ ಹೋಗುತ್ತದೆ, ಅಲ್ಲಿಯವರೆಗೆ ಯಾರನ್ನೂ ಸಂಪರ್ಕಿಸಬೇಡಿ ಎಂದರು. ಡಾಕ್ಟರ್ ನದಾಫ್ ಆ ಉತ್ತರವನ್ನು ಓದಿ ಫೋನನ್ನು ನನ್ನ ಕಡೆ ಸರಿಸಿದರು.

"ನಾ ಮಾಡಲೋ, ನೀ ಮಾಡ್ತಿಯೋ?"

"ನಾನೇ ಮಾಡ್ತೇನ್ರಿ ಸರ್."

ಮೊದಲನೆಯದು ಹಾವೇರಿ ಕಡೆಯ ನಂಬರು. ಒಬ್ಬ ಹೆಂಗಸು ಎತ್ತಿಕೊಂಡರು. ಹಿಂದೆ ಕುಕ್ಕರ್ ಕೂಗುತ್ತಿತ್ತು. ನನ್ನ ಹೆಸರು, ಆಸ್ಪತ್ರೆಯ ಹೆಸರು ಹೇಳಿ, ನಿಮ್ಮ ಮನೆಯವರಿಗೆ ಮೂರು ವರ್ಷದ ಹಿಂದೆ ನಮ್ಮಲ್ಲಿ ಆಪರೇಷನ್ ಆಗಿತ್ತಲ್ಲ, ಅವರ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು ಎಂದೆ.

"ಅವರು ಹೋಗಿ ಎರಡು ವರ್ಷ ಆತವ್ವ," ಎಂದರು ಅವರು. ಕುಕ್ಕರಿನ ಸದ್ದು ನಿಂತಿತು, ಒಲೆ ಆರಿಸಿದರೆಂದು ಕಾಣುತ್ತದೆ. "ಯಾಕ್ರಿ?"

ಅಲ್ಲಿಯವರೆಗೆ ನಾನು ನಿಂತೇ ಮಾತಾಡುತ್ತಿದ್ದೆ. ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ಯಾಕೆ ಎನ್ನುವುದನ್ನು ಮೊದಲಿನಿಂದ ಹೇಳತೊಡಗಿದೆ.